ಅವರವರ ಕಿವಿಗೆ

ಆವತ್ತು ಟೀ ಹೊತ್ತಿಗೆ ಜಮೀನಿನ ಯಜಮಾನಿ ಜಯಲಕ್ಷ್ಮಮ್ಮ ಪುಟ್ಟಸಿದ್ದಮ್ಮನಿಗೆ ಬೇಲಿ ಕಡೆ ಹೋಗಿ ಕೂರು ಎಂದಳು.

ಬೆಳಗಿನಿಂದ ಸೋನೆ ಹಿಡಿದಿತ್ತು. ಬೆಟ್ಟದಪುರದ ಬೆಟ್ಟ ಮೋಡದೊಳಗೆ ಮುಳುಗಿ ಕಾಣುತ್ತಿರಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕ ಶೀಟಿನ ಚಪ್ಪರ. ಅದರ ಕೆಳಗೆ ಕೇರಿಯ ಹೆಂಗಸರು ಸಾಲಾಗಿ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದರು. ಎಲೆಯ ಅಂಟು ಬೆರಳಿಗೆ ಹತ್ತಿ ಕಪ್ಪಗೆ ಗಟ್ಟಿಯಾಗುತ್ತದೆ. ಸೋಪಿಗೆ ಹೋಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತುತ್ತದೆ, ಬಾಯಿ ಕಹಿಯಾಗುತ್ತದೆ. ಉಣ್ಣುವ ಮುದ್ದೆಯೂ ಕಹಿ. ಪುಟ್ಟಸಿದ್ದಮ್ಮ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಮಾಡುತ್ತಿದ್ದದ್ದು ಇದೇ ಕೆಲಸ.

ಎಲ್ಲರ ಕೈಗೂ ಪೇಪರ್ ಲೋಟ ಬಂತು. ಅವಳ ಕೈ ಖಾಲಿ ಉಳಿಯಿತು.

"ನಿಂಗೆ ಅಲ್ಲಿಗೇ ಕಳುಸ್ತೀನಿ. ಕಡ್ಡೀನೂ ಅಲ್ಲೇ ಕಟ್ಟು. ಇಲ್ಲಿ ಎಲ್ರ ಜೊತೆ ಬ್ಯಾಡ."

"ಯಾಕವ್ವ? ಏನ್ ಮಾಡ್ದೆ ನಾನು?"

"ಏನೂ ಮಾಡಿಲ್ಲ. ಓಗು ಅಂದ್ರೆ ಓಗು."

ಪುಟ್ಟಸಿದ್ದಮ್ಮ ಏಳಲಿಲ್ಲ. ಪಕ್ಕದಲ್ಲಿದ್ದ ದೊಡ್ಡತಾಯಮ್ಮನ ಮುಖ ನೋಡಿದಳು. ಇಬ್ಬರೂ ಒಂದೇ ಕೇರಿಯವರು, ಒಟ್ಟಿಗೆ ಮುದುಕಿಯರಾಗುತ್ತಿರುವವರು. ದೊಡ್ಡತಾಯಮ್ಮ ಎಲೆಯ ಮೇಲಿಂದ ಕಣ್ಣೆತ್ತಲಿಲ್ಲ. ಆದರೆ ಕೂತಲ್ಲೇ ಸ್ವಲ್ಪ ಸರಿದಳು. ಆಚೆಗೆ ಸರಿದಳು.

ಹಾಗೆ ಸರಿದದ್ದು ಪುಟ್ಟಸಿದ್ದಮ್ಮನ ಎದೆಗೆ ತಾಕಿತು. ಇವರಿಗೂ ಏನೋ ಗೊತ್ತಿದೆ. ಗೊತ್ತಿಲ್ಲದವಳು ತಾನೊಬ್ಬಳೇ.

ಜಮೀನಿನ ಯಜಮಾನ ಮಹದೇವಪ್ಪ ಬ್ಯಾರನ್ನಿನ ಬಾಗಿಲಲ್ಲಿ ನಿಂತಿದ್ದ. ಅವಳು ಎದ್ದು ಅಲ್ಲಿಗೇ ಹೋದಳು. ಅವನು ಎರಡು ಹೆಜ್ಜೆ ಹಿಂದಕ್ಕಿಟ್ಟ. ಟವಲ್ಲಿನ ತುದಿಯನ್ನು ಮೂಗಿಗೆ ಹಿಡಿದ.

"ನನ್ ಮೇಲೆ ಬೇಜಾರ್ ಮಾಡ್ಕಬ್ಯಾಡ. ನಾನು ಹೇಳಿದ್ದಲ್ಲ. ಕಂಪ್ನಿಯೋರು ಕಳ್ಸವ್ರೆ," ಎಂದು ಮೊಬೈಲನ್ನು ದೂರದಿಂದಲೇ ಅವಳ ಕಡೆ ತಿರುಗಿಸಿದ.

ಅವಳದೇ ಮುಖ. ಸುತ್ತ ಕೆಂಪು ಚೌಕಟ್ಟು. ಕೆಳಗೆ ಹೆಸರು, ವಯಸ್ಸು, ಕೇರಿ. ಅದರ ಕೆಳಗೆ ಎರಡೇ ಅಕ್ಷರ. ಅವಳಿಗೆ ಓದು ಹೆಚ್ಚು ಬರುತ್ತಿರಲಿಲ್ಲ. ಆದರೆ ಆ ಎರಡು ಅಕ್ಷರ ಅವಳಿಗೆ ಗೊತ್ತಿತ್ತು. ಆರು ತಿಂಗಳು ಮಾತ್ರೆಯ ಡಬ್ಬಿಯ ಮೇಲೆ ನೋಡಿದ್ದಳು. ಟಿ.ಬಿ.

ಎರಡು ವರ್ಷದ ಹಿಂದಿನ ಮಾತು ಅದು. ಕೆಮ್ಮು ಬಿಡುತ್ತಿರಲಿಲ್ಲ. ಮೈ ಕಡ್ಡಿಯಾಗಿತ್ತು. ಊರ ಹತ್ತಿರದ ಆಸ್ಪತ್ರೆಗೆ ಹೋದರೆ ನಾಲ್ಕು ಜನ ನೋಡುತ್ತಾರೆಂದು ಎರಡು ಬಸ್ಸು ಬದಲಾಯಿಸಿ ದೂರ ಹೋಗಿ ಮಾತ್ರೆ ತರುತ್ತಿದ್ದಳು. ಉಚ್ಚೆ ಕೇಸರಿ ಬಣ್ಣಕ್ಕೆ ತಿರುಗುತ್ತಿತ್ತು. ಅದು ಯಾರ ಕಣ್ಣಿಗೂ ಬೀಳಬಾರದೆಂದು ಹೆಂಗಸರ ಜೊತೆ ಬಯಲಿಗೆ ಹೋಗುವುದನ್ನೇ ಬಿಟ್ಟಿದ್ದಳು. ಮಾತ್ರೆ ನುಂಗಿ, ವಾಕರಿಕೆ ತಡೆದುಕೊಂಡು, ಹೊಗೆಸೊಪ್ಪಿನ ಹೊಲಕ್ಕೆ ಇಳಿಯುತ್ತಿದ್ದಳು. ಗೊತ್ತಿದ್ದದ್ದು ಗಂಡ ದೊಡ್ಡಮಾದಯ್ಯನಿಗೆ, ಮಗಳು ಪ್ರಿಯಾಳಿಗೆ ಮಾತ್ರ. ಕೊನೆಗೆ ಡಾಕ್ಟರು, ವಾಸಿಯಾಯ್ತು ಕಣಮ್ಮ, ನಿನ್ನಿಂದ ಯಾರಿಗೂ ಬರಲ್ಲ, ಎಂದಿದ್ದರು. ಆ ಮಾತು ಕೇಳಿ ಆಸ್ಪತ್ರೆಯ ಮರದ ಕೆಳಗೆ ಕೂತು ಅತ್ತಿದ್ದಳು. ಅಲ್ಲಿಗೆ ಮುಗಿದಿತ್ತು.

ಆಮೇಲೆ ಕೈಬಲ ಕಂಪನಿ ಬಂತು. ಮೊದಲೆಲ್ಲ ಕೆಲಸಕ್ಕೆ ಜನ ಬೇಕಾದರೆ ಜಮೀನಿನವರು ಕೇರಿಗೆ ಬಂದು ಪುಟ್ಟಸಿದ್ದಮ್ಮನನ್ನು ಕೂಗುತ್ತಿದ್ದರು. ಅವಳು ಹೆಂಗಸರನ್ನು ಕಟ್ಟಿಕೊಂಡು ಹೋಗುತ್ತಿದ್ದಳು. ಕಂಪನಿ ಬಂದ ಮೇಲೆ ಜಮೀನಿನವರು ಮೊಬೈಲಲ್ಲಿ ಒತ್ತಿದರೆ ಸಾಕು, ಜನ ಸಿಗುತ್ತಾರೆ. ಕಂಪನಿಗೆ ಸೇರದವರಿಗೆ ಕೆಲಸವಿಲ್ಲ. ಕೇರಿಯ ಹೆಂಗಸರೆಲ್ಲ ಸೇರಿದರು. ಮುಖದ ಫೋಟೋ ಕೊಟ್ಟರು, ಆಧಾರ್ ಕೊಟ್ಟರು. ಶಾಲೆಯ ಜಗಲಿಯಲ್ಲಿ ಆರೋಗ್ಯ ತಪಾಸಣೆ ಎಂದು ರಕ್ತ ಕೊಟ್ಟರು. ಪರದೆಯ ಹಿಂದೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೂತಿದ್ದಳು. ಹಿಂದೆ ಏನಾದರೂ ದೊಡ್ಡ ಕಾಯಿಲೆ ಬಂದಿತ್ತಾ ಎಂದಳು. ಪುಟ್ಟಸಿದ್ದಮ್ಮ ತಡವರಿಸಿದಳು. ಹೇಳಮ್ಮ, ನಮ್ಮತ್ರ ಹೇಳಿದ್ದು ನಮ್ಮತ್ರಾನೇ ಇರುತ್ತೆ, ಎಂದಳು ಡಾಕ್ಟರಮ್ಮ. ದನಿ ಮೆತ್ತಗಿತ್ತು. ಪುಟ್ಟಸಿದ್ದಮ್ಮ ಹೇಳಿಬಿಟ್ಟಳು.

ಆ ಮಾತು ಪರದೆಯ ಹಿಂದಿನಿಂದ ಹೊರಟು ಈಗ ಮಹದೇವಪ್ಪನ ಅಂಗೈಯಲ್ಲಿ ಬೆಳಗುತ್ತಿತ್ತು.

"ವಾಸಿಯಾಗ್ಯದೆ ಕಣ್ರೀ ನಂಗೆ. ಎರಡ್ ವರ್ಸ ಆಯ್ತು," ಎಂದಳು.

"ಇರ್ಬೋದು. ನಮ್ಮನೇಲಿ ಮೊಮ್ಮಕ್ಳವೆ. ನಾನೇನ್ ಮಾಡ್ಲಿ?"

ಪುಟ್ಟಸಿದ್ದಮ್ಮ ಬೇಲಿಯ ಪಕ್ಕ ಕೂತಳು. ಮನೆಗೆ ಹೋಗಬೇಕೆನಿಸಿತು. ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಟೀ ಬಂತು. ದನದ ಕೊಟ್ಟಿಗೆಯ ಗೂಡಿನಿಂದ ತಂದ ಅಲ್ಯೂಮಿನಿಯಂ ಲೋಟ. ಅವಳು ಹೊಸ ಸೊಸೆಯಾಗಿ ಬಂದಾಗ ಕೇರಿಯವರಿಗೆ ಕೊಡುತ್ತಿದ್ದದ್ದು ಇಂಥದೇ ಲೋಟ. ಕುಡಿದು, ತೊಳೆದು, ಕವುಚಿ ಇಡಬೇಕಿತ್ತು. ದಲಿತ ಸಂಘದ ಹುಡುಗರು ಜಗಳ ಮಾಡಿ, ಪೊಲೀಸು ಬಂದು, ಆ ಲೋಟ ಹೋಗಿತ್ತು. ಎಲ್ಲರಿಗೂ ಒಂದೇ ಪೇಪರ್ ಲೋಟ ಬಂದಿತ್ತು. ಈಗ ಅದು ವಾಪಸ್ಸು ಬಂದಿದೆ. ಈ ಸಲ ಜಾತಿಯ ಹೆಸರು ಹೇಳಿಕೊಂಡು ಬಂದಿಲ್ಲ. ಕಾಯಿಲೆಯ ಹೆಸರು ಹೇಳಿಕೊಂಡು ಬಂದಿದೆ. ಬೇಡ ಅನ್ನಲು ಯಾವ ಸಂಘದವರೂ ಬರುವುದಿಲ್ಲ. ಕೇರಿಯವರೇ ಸರಿದು ಕೂತಿದ್ದಾರೆ.

ಅವಳು ಟೀಯನ್ನು ಬೇಲಿಯ ಬುಡಕ್ಕೆ ಚೆಲ್ಲಿದಳು. ಸಂಜೆಯ ತನಕ ಕಡ್ಡಿ ಕಟ್ಟಿದಳು.

ರಾತ್ರಿ ಊಟಕ್ಕೆ ಕೂತಾಗ ದೊಡ್ಡಮಾದಯ್ಯನಿಗೆ ಹೇಳಿದಳು. ಅವನಿಗೂ ಆಗಲೇ ಗೊತ್ತಾಗಿತ್ತು. ಹೋಟೆಲಿನಲ್ಲಿ ಯಾರೋ ಕೇಳಿದ್ದರು. ಅವನು ಮುದ್ದೆ ಮುರಿಯುತ್ತಾ ಗೊಣಗಿದ.

"ಡಾಕ್ಟ್ರಮ್ಮನ್ ತಾವ ಯಾಕ್ ಬಾಯಿ ಬುಟ್ಟೆ ನೀನು?"

"ಡಾಕ್ಟ್ರಿಗೆ ಏಳ್ದೆ ಇನ್ಯಾರಿಗ್ ಏಳ್ಲಿ? ಮರಕ್ ಏಳ್ಲಾ?"

ಅವಳು ತಟ್ಟೆಯನ್ನು ಹಾಗೇ ಸರಿಸಿ ಎದ್ದಳು. ನಿಜ ಹೇಳಿದ್ದು ತನ್ನ ತಪ್ಪಾಯಿತು. ಕೇಳಿಸಿಕೊಂಡು ಊರಿಗೆ ಹಂಚಿದವರದು ತಪ್ಪಲ್ಲ.

ಆ ವಾರವಿಡೀ ಅವಳಿಗೆ ಕೆಲಸ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಬೆಳಿಗ್ಗೆ ಬರುವ ಗೂಡ್ಸ್ ಆಟೋ ಅವಳ ಮನೆಯ ಮುಂದೆ ನಿಲ್ಲದೆ ಹೋಗುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ಅವಳು ಹಿಡಿದ ಕೊಡವನ್ನು ಮುಟ್ಟುತ್ತಿರಲಿಲ್ಲ. ಯಾರೂ ಬೈಯಲಿಲ್ಲ. ಯಾರೂ ಜಗಳವಾಡಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಪೆಟ್ಟು ಬಿದ್ದದ್ದು ದಸರಾ ಕಳೆದ ಮೇಲೆ. ಪ್ರಿಯಾಳನ್ನು ಕೆ.ಆರ್. ನಗರದ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ. ಎಂಟು ತುಂಬುತ್ತಿತ್ತು. ಹೆರಿಗೆಗೆ ತವರಿಗೆ ಕರೆತರಬೇಕು. ಪುಟ್ಟಸಿದ್ದಮ್ಮ ಬಾಣಂತಿಗೆ ಬೇಕಾದ ಮೆಣಸು, ಶುಂಠಿ, ಹಳೆಯ ಸೀರೆಗಳ ಬಟ್ಟೆ ಎಲ್ಲ ಹೊಂದಿಸಿ, ಗುಡಿಸಲಿನ ಒಂದು ಮೂಲೆಗೆ ಸಾರಣೆ ಮಾಡಿ ಇಟ್ಟಿದ್ದಳು. ಕರೆಯಲು ಯಾವಾಗ ಬರಲಿ ಎಂದು ಫೋನ್ ಮಾಡಿದಾಗ ಬೀಗಿತಿ ಮಾತಾಡಿದಳು.

"ಬರ್ಬ್ಯಾಡಿ ಬೀಗ್ತಿ. ನಿಮ್ಮ ಫೋಟ ಫೋನಿಂದ ಫೋನಿಗೆ ನಮ್ಮೂರ್ ಗಂಟ ಬಂದದೆ. ಆ ಮನೆಗೆ ಕೂಸ ಎಂಗ್ ಕಳುಸ್ಲಿ ನಾನು? ಇಲ್ಲೇ ಆಗ್ಲಿ ಬುಡಿ."

"ವಾಸಿಯಾಗ್ಯದೆ. ಪ್ರಿಯಾನ ಕೇಳಿ, ಅವ್ಳಿಗ್ ಗೊತ್ತು."

"ಅವ್ಳಿಗ್ ಗೊತ್ತಿತ್ತು, ನಮ್ಗೆ ಏಳ್ಲಿಲ್ಲ. ಅದ್ಕೂ ಒಂದ್ ಮಾತು ಆಗ್ಯದೆ ಇಲ್ಲಿ."

ಹಿಂದಿನಿಂದ ಪ್ರಿಯಾಳ ಅಳು ಕೇಳಿಸಿತು. ಫೋನ್ ಕಟ್ಟಾಯಿತು.

ಮಾರನೆಯ ದಿನ ಪುಟ್ಟಸಿದ್ದಮ್ಮ ಪಿರಿಯಾಪಟ್ಟಣದ ಬಸ್ಸು ಹತ್ತಿದಳು. ಕಂಪನಿಯ ಆಫೀಸು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮಾಳಿಗೆಯ ಮೇಲೆ. ಗಾಜಿನ ಬಾಗಿಲು. ಒಳಗೆ ಮ್ಯಾನೇಜರ್ ಸಾಗರ್ ಇದ್ದ. ಇನ್ನೊಂದು ಮೇಜಿನಲ್ಲಿ ಕೃಷ್ಣಕುಮಾರ್. ದೊಡ್ಡತಾಯಮ್ಮನ ಮಗ. ಡಿಪ್ಲೊಮಾ ಓದಿ ಎರಡು ವರ್ಷ ಅಲೆದು ಈ ಕಂಪನಿಯಲ್ಲಿ ಕೆಲಸ ಹಿಡಿದಿದ್ದ. ಕೇರಿಯ ಹೆಂಗಸರು ಕಂಪನಿಗೆ ಸೇರಿದ್ದೇ ಅವನ ಮುಖ ನೋಡಿ. ಅವಳನ್ನು ಕಂಡ ಕೂಡಲೇ ಅವನು ಎದ್ದು ನಿಂತ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ.

"ನನ್ನ ಕಾಯ್ಲೆ ಸುದ್ದೀನ ಅಳಿಸ್ಬುಡಿ ಸ್ವಾಮಿ," ಎಂದಳು ಸಾಗರನಿಗೆ.

ಸಾಗರ್ ಒರಟನಲ್ಲ. ಕೂರಮ್ಮ ಎಂದ. ನೀರು ಬೇಕಾ ಎಂದು ಕೇಳಿದ. ಆಮೇಲೆ ಮಾನಿಟರನ್ನು ಅವಳ ಕಡೆ ತಿರುಗಿಸಿದ. ಕಂಪನಿಗೆ ಸೇರುವಾಗ ಹಿಡಿದ ವೀಡಿಯೊದಲ್ಲಿ ಅವಳೇ ಮಾತಾಡುತ್ತಿದ್ದಳು. ಶಾಲೆಯ ಜಗಲಿ. ಯಾರೋ ಹೇಳಿಕೊಟ್ಟದ್ದನ್ನು ಕ್ಯಾಮರಾ ನೋಡಿಕೊಂಡು ಹೇಳುತ್ತಿದ್ದಳು. ನನ್ನ ಒಪ್ಪಿಗೆ ಇದೆ. ಹೇಳಿ ಮುಗಿಸಿ ನಾಚಿ ನಕ್ಕಿದ್ದಳು.

"ನೀವೇ ಒಪ್ಪಿದೀರಲ್ಲಮ್ಮ."

"ಕೆಲ್ಸಕ್ಕೆ ಸೇರಕ್ಕೆ ಅಂದ್ರು. ಅದ್ಕೆ ಅಂದೆ."

"ಕೆಲಸ ಕೊಡೋರಿಗೆ ಗೊತ್ತಿರಬೇಕಲ್ವಾ, ತಮ್ಮ ಜಮೀನಿಗೆ ಎಂಥೋರು ಬರ್ತಾರೆ ಅಂತ. ಎಲ್ಲ ಪಾರದರ್ಶಕ. ನಿಮಗೂ ಒಳ್ಳೇದೇ."

"ಅಂಗಾರೆ ಜಮೀನೋರ ಕಾಯ್ಲೇನೂ ನಮ್ಗೆ ತೋರುಸ್ತೀರಾ? ಅವ್ರ ಮನೆ ನೀರು ನಾವೂ ಕುಡೀತೀವಿ."

ಸಾಗರ್ ನಕ್ಕ. ಹೊಸದಾಗಿ ಪರೀಕ್ಷೆ ಮಾಡಿಸಿ, ಹೆಡ್ ಆಫೀಸಿಗೆ ಬರೆಯುತ್ತೇನೆ, ನೋಡೋಣ ಎಂದ. ಪುಟ್ಟಸಿದ್ದಮ್ಮ ಕೃಷ್ಣಕುಮಾರನ ಕಡೆ ತಿರುಗಿದಳು. ಅವನು ತನ್ನ ಬೂಟಿನ ತುದಿ ನೋಡುತ್ತಿದ್ದ. ಅವಳು ಮೆಟ್ಟಿಲಿಳಿದು ಬಂದು ಹೊಗೆಸೊಪ್ಪಿನ ಮೂಟೆ ತುಂಬಿದ ಲಾರಿಯ ನೆರಳಲ್ಲಿ ಬಹಳ ಹೊತ್ತು ನಿಂತಳು. ತನ್ನ ನಗುವನ್ನು ತಾನೇ ನೋಡಿ ಬಂದಿದ್ದಳು. ಆ ನಗು ಅವಳಿಗೆ ಸಹಿಸಲಾಗಲಿಲ್ಲ.

ದೀಪಾವಳಿ ಕಳೆದು ಒಂದು ಭಾನುವಾರ ಕೃಷ್ಣಕುಮಾರ್ ಬೆಳಿಗ್ಗೆಯೇ ಅವಳ ಮನೆಗೆ ಬಂದ. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಹೇಳಿದ. ಹೊಸ ಕಾನೂನು ಬಂದಿದೆ. ಜನರ ಮಾಹಿತಿ ಇಟ್ಟುಕೊಳ್ಳುವವರೆಲ್ಲ ಸರಿಯಾಗಿ ಒಪ್ಪಿಗೆ ತಗೊಂಡಿರಬೇಕು. ಇವತ್ತು ಅಂಬೇಡ್ಕರ್ ಭವನದ ಮುಂದೆ ಎಲ್ಲರ ಹತ್ತಿರ ಹೊಸದಾಗಿ ಹೇಳಿಸಿಕೊಳ್ಳುತ್ತಾರೆ, ಹಿಂದೆ ತಗೊಂಡಿದ್ದು, ಹಂಚಿದ್ದು ಎಲ್ಲಕ್ಕೂ ಸೇರಿಸಿ.

"ನೀನೂ ಬಂದು ಒಪ್ಪಿಗೆ ಅಂದ್ಬುಟ್ರೆ ಕೆಂಪು ತೆಗೆದು ಹಸುರು ಮಾಡ್ತಾರಂತೆ ಅತ್ತೆ. ಸಾಗರ್ ಸಾರ್ ಮಾತು ಕೊಟ್ಟವ್ರೆ. ಪ್ರಿಯಾನ ಕಳುಸ್ಬೋದು ಅವ್ರು."

"ಆವತ್ತು ನೋಡಾನ ಅಂದೋರಿಗೆ ಈಗ ಎಂಗಾಯ್ತದೆ?"

ಅವನು ಮೆಲ್ಲಗೆ ಹೇಳಿದ. "ಅವ್ರಿಗೂ ಭಯ ಅದೆ ಅತ್ತೆ. ನೀನು ದೂರು ಕೊಟ್ರೆ ತೊಂದ್ರೆ."

ಅವಳು ಯೋಚನೆ ಮಾಡಿದಳು. ದೂರು ಗೀರು ಅವಳಿಗೆ ಬೇಕಿರಲಿಲ್ಲ. ಮಗಳು ಬೇಕಿತ್ತು. ಒಂದು ಮಾತು. ಒಮ್ಮೆ ಆಡಿದ ಮಾತೇ. ಇನ್ನೊಮ್ಮೆ ಆಡಿದರೆ ಏನು ಹೋಗುತ್ತದೆ. ಅವಳು ಸೀರೆ ಬದಲಾಯಿಸಿ, ತಲೆ ಬಾಚಿ, ಭವನದ ಕಡೆ ಹೊರಟಳು. ಒಪ್ಪಿಗೆ ಎನ್ನಲೆಂದೇ ಹೊರಟಳು.

ಭವನದ ಮುಂದೆ ಶಾಮಿಯಾನ ಹಾಕಿದ್ದರು. ಕುರ್ಚಿ ಹಾಕಿದ್ದರು. ಹೆಂಗಸರಿಗೆ ಉಪ್ಪಿಟ್ಟು. ಸಾಗರ್ ಮೈಕು ಹಿಡಿದು ಹೇಳಿದ. ನಿಮ್ಮ ಮಾಹಿತಿ ನಿಮ್ಮ ಆಸ್ತಿ. ನಿಮ್ಮನ್ನು ಕೇಳದೆ ಯಾರೂ ಮುಟ್ಟುವಂತಿಲ್ಲ. ಅದಕ್ಕೇ ನಿಮ್ಮ ಮನೆ ಬಾಗಿಲಿಗೇ ಬಂದಿದ್ದೇವೆ. ಒಬ್ಬೊಬ್ಬರೇ ಬಂದು ಮುಖ ತೋರಿಸಿ ಒಂದು ಮಾತು ಹೇಳಿ. ಮುಂದೆ ಶುಂಠಿ ಕೀಳುವ ಕೆಲಸ ಇದೆ, ಒಪ್ಪಿದವರಿಗೆ ನಾಳೆಯಿಂದಲೇ.

ಸಾಲು ನಿಂತಿತು. ಪುಟ್ಟಸಿದ್ದಮ್ಮ ಬಂದು ನಿಂತಾಗ ಅವಳ ಹಿಂದೆ ಮುಂದೆ ಜಾಗ ಬಿಟ್ಟುಕೊಂಡಿತು. ಅವಳ ಮುಂದೆ ಇದ್ದದ್ದು ದೊಡ್ಡತಾಯಮ್ಮ. ಕೃಷ್ಣಕುಮಾರ್ ಟ್ಯಾಬು ಹಿಡಿದಿದ್ದ. ಮೊದಲಿನವರು ಹೇಳಿದರು. ಒಪ್ಪಿಗೆ ಇದೆ. ಒಪ್ಪಿಗೆ ಇದೆ. ದೊಡ್ಡತಾಯಮ್ಮನ ಸರದಿ ಬಂತು. ಅವಳು ಮಗನ ಕೈಯಲ್ಲಿದ್ದ ಗಾಜನ್ನು ನೋಡಿದಳು.

"ಏನ್ಕೆ ಒಪ್ಪಿಗೆ ಅನ್ಬೇಕು ಕೂಸೇ?"

ಕೃಷ್ಣಕುಮಾರ್ ಬಾಯಿ ತೆರೆಯುವ ಮೊದಲೇ ಸಾಗರ್ ಹೇಳಿದ. "ಸುಮ್ನೆ ಹೇಳಜ್ಜಿ. ಎಲ್ಲಾರೂ ಹೇಳ್ತಿಲ್ವಾ?"

ಸುಮ್ನೆ. ಪುಟ್ಟಸಿದ್ದಮ್ಮನೂ ಸುಮ್ಮನೆ ಹೇಳಿದ್ದಳು. ಸುಮ್ಮನೆ ನಕ್ಕಿದ್ದಳು. ಸುಮ್ಮನೆ ಬೇಲಿಯ ಪಕ್ಕ ಕೂತಿದ್ದಳು. ಈಗಲೂ ಸುಮ್ಮನೆ ಹೇಳಲೆಂದು ತಲೆ ಬಾಚಿಕೊಂಡು ಬಂದಿದ್ದಾಳೆ.

"ತಡಿ ದೊಡ್ಡತಾಯಿ," ಎಂದಳು. "ಸ್ವಾಮಿ, ಅವಳ ಬಗ್ಗೆ ಏನ್ ಮಡಿಕ್ಕಂಡಿದೀರಿ ಅದ್ರೊಳ್ಗೆ? ಮೊದ್ಲು ಅವಳಿಗ್ ಏಳಿ. ಆಮ್ಯಾಕೆ ಒಪ್ತಾಳೋ ಬುಡ್ತಾಳೋ ನೋಡಿ."

ಸಾಗರ್ ಮೈಕು ಕೆಳಗಿಟ್ಟ. "ನಿಮ್ಮ ವಿಷಯ ಮಾತಾಡಿ ಆಗಿದೆಯಲ್ಲಮ್ಮ. ಇವರದು ನಿಮಗ್ಯಾಕೆ? ಎಲ್ಲರ ಮುಂದೆ ಹೇಳೋಕಾಗುತ್ತಾ? ಅದು ಪರ್ಸನಲ್."

"ನಂದು ಪರ್ಸನಲ್ ಆಗಿರ್ನಿಲ್ವಾ?"

ಶಾಮಿಯಾನದ ಬಟ್ಟೆ ಗಾಳಿಗೆ ಬಡಿದುಕೊಳ್ಳುತ್ತಿತ್ತು.

"ನನ್ನ ಎದೆ ಒಳಗಿದ್ದುದ್ನ ಕೆ.ಆರ್. ನಗರದ ಗಂಟ ಓಡ್ಸಿದ್ರಿ. ನನ್ ಮಗಳು ಹೊಟ್ಟೆ ಹೊತ್ಕಂಡು ಅಲ್ಲಿ ಅಳ್ತಾವ್ಳೆ. ಆವತ್ತು ನಿಮ್ಗೆ ಈ ಮಾತು ಗೊತ್ತಿರ್ನಿಲ್ವಾ?" ಅವಳ ದನಿ ಏರಲಿಲ್ಲ. "ಎಲ್ರ ಮುಂದೆ ಬ್ಯಾಡ. ನಂಗೂ ಬ್ಯಾಡ ಇನ್ನೊಬ್ರುದ್ದು. ಕೃಷ್ಣಕುಮಾರ, ಅವರವರದ್ದ ಅವರವರ ಕಿವೀಗ್ ಏಳ್ಲಾ. ನಿಮ್ಮವ್ವನಿಂದ ಸುರು ಮಾಡು."

"ಕೃಷ್ಣಕುಮಾರ್, ಬೇಡ," ಎಂದ ಸಾಗರ್.

ಕೃಷ್ಣಕುಮಾರ್ ಟ್ಯಾಬನ್ನು ಎದೆಗೆ ಒತ್ತಿಕೊಂಡು ನಿಂತ. ಕುತ್ತಿಗೆಗೆ ಕಂಪನಿಯ ಪಟ್ಟಿ ನೇತಾಡುತ್ತಿತ್ತು. ಸಾಗರನ ಕಡೆ ನೋಡಿದ. ಅವ್ವನ ಕಡೆ ನೋಡಿದ. ಅವ್ವ ಕಾಯುತ್ತಿದ್ದಳು. ಅವನು ಬೆರಳಾಡಿಸಿದ. ಬಗ್ಗಿ ಅವ್ವನ ಕಿವಿಯ ಹತ್ತಿರ ಬಾಯಿಟ್ಟ.

ಅವನು ಏನು ಹೇಳಿದನೋ ಯಾರಿಗೂ ಕೇಳಲಿಲ್ಲ. ಅದನ್ನು ಇಲ್ಲಿ ಬರೆಯುವ ಹಕ್ಕೂ ಯಾರಿಗಿಲ್ಲ. ದೊಡ್ಡತಾಯಮ್ಮನ ಕೈ ತಾನಾಗಿಯೇ ಸೆರಗನ್ನು ಎಳೆದು ಹೊಟ್ಟೆಯ ಮೇಲೆ ಮುಚ್ಚಿಕೊಂಡಿತು. ಅವಳು ಮಗನ ಮುಖವನ್ನು ನೋಡಿದಳು.

"ಇದ ನೀ ಓದಿದ್ಯಾ?"

ಅವನು ತಲೆ ತಗ್ಗಿಸಿದ.

"ಯಾವಾಗ್ಲಿಂದ ಗೊತ್ತಿತ್ತು?"

"ನೀನು ಸೇರಿದಾಗ್ಲಿಂದ."

ಅವಳು ಹೊಡೆಯಲಿಲ್ಲ. ಬೈಯಲಿಲ್ಲ. ಗಂಡನಿಗೂ ಹೇಳದ ಮಾತೊಂದು ಹೆತ್ತ ಮಗನ ಕೈಯಲ್ಲಿ ಇಷ್ಟು ದಿನ ಓಡಾಡಿಕೊಂಡಿತ್ತು. ಅವಳು ಟ್ಯಾಬಿನ ಕಡೆ ತಿರುಗಿದಳು. ಕ್ಯಾಮರಾ ಎಲ್ಲಿದೆ ಎಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಅದರ ಕಡೆಗೇ ಮುಖ ಮಾಡಿ ಹೇಳಿದಳು.

"ಒಪ್ಪಿಗೆ ಇಲ್ಲ."

ಮುಂದಿನವಳು ಬಂದಳು. ತನ್ನ ಕಿವಿಯನ್ನು ತಾನೇ ಮುಂದೆ ಮಾಡಿದಳು. ಕೇಳಿಸಿಕೊಂಡು ಬೆವರಿದಳು. ಅವಳ ಹಿಂದಿನವಳು ಕೇಳಿ ನಕ್ಕಳು, ಸುಳ್ಳು ಕಣ್ಲಾ ಅದು, ನಂಗೆ ಅಂಥದ್ದೇನಿಲ್ಲ ಎಂದಳು. ಆಮೇಲೆ ಆ ಸುಳ್ಳನ್ನು ಎಷ್ಟು ಜನ ಓದಿರಬಹುದೆಂದು ಹೊಳೆದು ನಗು ನಿಂತುಹೋಯಿತು. ಒಬ್ಬಳು ಕೇಳಿಸಿಕೊಂಡು ಅಲ್ಲೇ ಕುಸಿದು ಕೂತಳು. ಮೊದಲೇ ಒಪ್ಪಿಗೆ ಹೇಳಿ ಹೋಗಿದ್ದವರು ಉಪ್ಪಿಟ್ಟಿನ ತಟ್ಟೆ ಇಟ್ಟು ಮತ್ತೆ ಬಂದು ನಿಂತರು. ಸಾಗರ್ ಬಂದು ಕೃಷ್ಣಕುಮಾರನ ಕೈಯಿಂದ ಟ್ಯಾಬು ಕಿತ್ತುಕೊಂಡ. ಕಂಪನಿಯ ಪಟ್ಟಿಯನ್ನೂ ಕತ್ತಿನಿಂದ ಎಳೆದುಕೊಂಡ. ಎಳೆದ ರಭಸಕ್ಕೆ ಕುತ್ತಿಗೆಯಲ್ಲಿ ಗೀರು ಎದ್ದಿತು.

"ಮಿಕ್ಕೋರ್ದು ಏಳಿ," ಎಂದು ಸಾಲಿನಿಂದ ಯಾರೋ ಕೂಗಿದರು.

"ಕಾರ್ಯಕ್ರಮ ಮುಗೀತು," ಎಂದ ಸಾಗರ್.

"ಮುಗಿದಿಲ್ಲ," ಎಂದಳು ಪುಟ್ಟಸಿದ್ದಮ್ಮ. ಅವನ ಎದುರು ಹೋಗಿ ನಿಂತಳು. ಅವನು ಹಿಂದೆ ಸರಿದ. ಅವಳು ಇನ್ನೂ ಒಂದು ಹೆಜ್ಜೆ ಹತ್ತಿರ ಹೋದಳು. "ನನ್ ಮಾತು ತಗೊಳಿ. ಇಡೀರಿ ಆ ಕ್ಯಾಮರ."

ಅವನು ಹಿಡಿಯಲಿಲ್ಲ.

"ಹಸುರು ಮಾಡ್ತೀವಿ ಅಂದ್ರಂತೆ. ನಂಗೆ ಹಸುರೂ ಬ್ಯಾಡ, ಕೆಂಪೂ ಬ್ಯಾಡ. ನಾನು ಅದ್ರೊಳ್ಗೇ ಇರಾಕಿಲ್ಲ. ಹಿಂದಿಂದಕ್ಕೂ ಒಪ್ಪಿಗೆ ಇಲ್ಲ. ಮುಂದಿಂದಕ್ಕೂ ಇಲ್ಲ."

ಸಾಗರ್ ಜೀಪು ಹತ್ತಿದ. ಉಪ್ಪಿಟ್ಟಿನ ಪಾತ್ರೆ ಹಾಗೇ ಉಳಿಯಿತು.

ಇದರಿಂದ ಒಳ್ಳೆಯದಾಯಿತು ಎಂದು ಹೇಳಲಾಗುವುದಿಲ್ಲ. ಮಾರನೆಯ ದಿನದಿಂದ ಕೇರಿಗೆ ಆಟೋ ಬರಲಿಲ್ಲ. ಶುಂಠಿ ಕೀಳಲು ರಾವಂದೂರಿನ ಆಚೆಯಿಂದ ಹೆಂಗಸರನ್ನು ತುಂಬಿಕೊಂಡು ಬಂದರು. ಕೇರಿಯ ಅರ್ಧದಷ್ಟು ಮಂದಿ ಆ ವಾರದಲ್ಲೇ ಒಬ್ಬೊಬ್ಬರಾಗಿ ಪಿರಿಯಾಪಟ್ಟಣಕ್ಕೆ ಹೋಗಿ, ಮಾಳಿಗೆ ಹತ್ತಿ, ಒಪ್ಪಿಗೆ ಇದೆ ಎಂದು ಹೇಳಿ ಬಂದರು. ಒಲೆ ಉರಿಯಬೇಕಿತ್ತು. ಅವರನ್ನು ಯಾರೂ ಆಡಿಕೊಳ್ಳಲಿಲ್ಲ. ಉಳಿದವರು ಪುಟ್ಟಸಿದ್ದಮ್ಮನ ಜೊತೆ ಮಸುಕಿನಲ್ಲೇ ಎದ್ದು ಬಸ್ಸು ಹಿಡಿದು ಗಡಿಯಾಚೆ ಕೊಡಗಿನ ತೋಟಗಳ ಗೇಟಿನಲ್ಲಿ ನಿಂತು ಕೆಲಸ ಕೇಳತೊಡಗಿದರು. ಕೆಲವು ದಿನ ಸಿಗುತ್ತಿತ್ತು. ಕೆಲವು ದಿನ ಬರಿಗೈ. ಬಸ್ಸಿನಲ್ಲಿ ದೊಡ್ಡತಾಯಮ್ಮ ಬಂದು ಪುಟ್ಟಸಿದ್ದಮ್ಮನ ಪಕ್ಕವೇ ಕೂತಳು. ತಪ್ಪಾಯಿತು ಎನ್ನಲಿಲ್ಲ. ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ಅವಳ ತೊಡೆಯ ಮೇಲಿಟ್ಟಳು. ಪುಟ್ಟಸಿದ್ದಮ್ಮ ತಿಂದಳು. ಆದರೆ ಬೇಲಿಯ ಪಕ್ಕ ಕೂತ ಆ ದಿನವನ್ನು ಮರೆತಳು ಎಂದೇನಲ್ಲ.

ಕೃಷ್ಣಕುಮಾರನ ಕೆಲಸ ಹೋಯಿತು. ಅವನು ಪುಟ್ಟಸಿದ್ದಮ್ಮನ ಪರವಾಗಿ ಕಂಪನಿಗೂ ಸರ್ಕಾರಕ್ಕೂ ದೂರು ಬರೆದ. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಆಮೇಲೆ ಏನೂ ಬರಲಿಲ್ಲ.

"ಅಳಿಸಿದ್ರು ಅಂತಾನೇ ಇಟ್ಕೊ ಅತ್ತೆ, ಜನದ ಫೋನಲ್ಲಿ ಇರೋದು ಓಗಲ್ಲ," ಎಂದ.

"ಗೊತ್ತು ಕಣ್ಲಾ," ಎಂದಳು. "ಆದ್ರೂ ಬರೆ. ನಿಲ್ಲುಸ್ಬ್ಯಾಡ."

ಪ್ರಿಯಾಳಿಗೆ ನೋವು ಬಂದದ್ದು ಕಾರ್ತಿಕದ ಕೊನೆಗೆ. ಅಳಿಯ ಫೋನ್ ಮಾಡಿದ. ಗಂಡು ಕೂಸು, ಇಬ್ಬರೂ ಚೆನ್ನಾಗಿದ್ದಾರೆ ಎಂದ. ಬನ್ನಿ ಎನ್ನಲಿಲ್ಲ. ಬರಬೇಡಿ ಎಂದೂ ಅನ್ನಲಿಲ್ಲ. ಪುಟ್ಟಸಿದ್ದಮ್ಮ ತೋಟದ ಕೆಲಸ ಅರ್ಧಕ್ಕೆ ಬಿಟ್ಟು ಹುಣಸೂರಿಗೆ ಬಂದು, ಅಲ್ಲಿಂದ ಕೆ.ಆರ್. ನಗರದ ಬಸ್ಸು ಹತ್ತಿದಳು. ಕೈಯಲ್ಲಿ ಮೆಣಸಿನ ಪುಡಿಯ ಗಂಟು, ಹಳೆಯ ಸೀರೆಯ ಬಟ್ಟೆಗಳು.

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಬೀಗಿತಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಇವಳನ್ನು ಕಂಡು ಕೂಸಿನ ಮುಖದ ಮೇಲೆ ಬಟ್ಟೆ ಎಳೆದಳು.

"ಬಂದ್ರಾ ಬೀಗ್ತಿ. ಡಾಕ್ಟ್ರು ಬರ್ದುಕೊಟ್ಟಿರೋದು ಏನಾರಾ ತಂದಿದೀರಾ? ವಾಸಿಯಾಗ್ಯದೆ ಅನ್ನಕ್ಕೆ?"

"ಮನೇಲದೆ. ತಂದಿಲ್ಲ."

"ತಂದಿದ್ರೆ ಚೆನ್ನಾಗಿತ್ತು. ನಾಲ್ಕ್ ಜನುಕ್ಕೆ ತೋರುಸ್ಬೋದಾಗಿತ್ತು."

"ನಾಲ್ಕ್ ಜನುಕ್ಕೆ ತೋರ್ಸಿದ್ದು ಆಗ್ಯದೆ," ಎಂದಳು ಪುಟ್ಟಸಿದ್ದಮ್ಮ. "ಇನ್ನು ಯಾರ್ಗೂ ಏನೂ ತೋರ್ಸಾಕಿಲ್ಲ. ನನ್ ಮಗಳ ನೋಡಕ್ ಬಂದಿವ್ನಿ. ದಾರಿ ಬುಡಿ."

ಬೀಗಿತಿ ದಾರಿ ಬಿಡಲಿಲ್ಲ. ಪಕ್ಕದ ಮಂಚದವರು ತಿರುಗಿ ನೋಡುತ್ತಿದ್ದರು. ಪುಟ್ಟಸಿದ್ದಮ್ಮ ಗಂಟನ್ನು ಗೋಡೆಯ ಬುಡದಲ್ಲಿಟ್ಟಳು. ನಿಂತೇ ಇದ್ದಳು. ಹೋಗುವುದಿಲ್ಲ ಎಂಬಂತೆ ನಿಂತಳು.

ಒಳಗೆ ಪ್ರಿಯಾ ಎದ್ದಳು. ಹೊಲಿಗೆ ಹಾಕಿದ ಮೈ. ಮಂಚದ ಸರಳು ಹಿಡಿದು, ಗೋಡೆ ಹಿಡಿದು, ಹಲ್ಲು ಕಚ್ಚಿಕೊಂಡು ಬಾಗಿಲ ತನಕ ಬಂದಳು. ಅತ್ತೆಯ ಕೈಯಿಂದ ಕೂಸನ್ನು ತೆಗೆದುಕೊಂಡಳು. ಕೇಳಲಿಲ್ಲ, ತೆಗೆದುಕೊಂಡಳು. ಅತ್ತೆ ಏನೋ ಅನ್ನಹೋದಳು. ಪ್ರಿಯಾ ಅವಳ ಕಡೆ ನೋಡಲೇ ಇಲ್ಲ.

"ಕೂತ್ಕೊ ಅವ್ವ," ಎಂದಳು.

ಪುಟ್ಟಸಿದ್ದಮ್ಮ ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕೂತಳು. ಪ್ರಿಯಾ ಬಗ್ಗಲಾರದೆ ಬಗ್ಗಿ ಕೂಸನ್ನು ಅವಳ ಮಡಿಲಿಗೆ ಹಾಕಿದಳು. ಬಟ್ಟೆ ಸರಿಯಿತು. ಕೆಂಪು ಮುಖ, ಮುಚ್ಚಿದ ಕಣ್ಣು, ಹಣೆಯ ಮೇಲೆ ಎಳೆಯ ಕೂದಲು.

ಆಗ ಅವಳು ಉಸಿರು ಬಿಗಿಹಿಡಿದಳು.

ತಾನೇಕೆ ಹಾಗೆ ಮಾಡಿದೆನೆಂದು ಅವಳಿಗೆ ಕೂಡಲೇ ತಿಳಿಯಲಿಲ್ಲ. ಮುಖವನ್ನು ಪಕ್ಕಕ್ಕೆ ತಿರುಗಿಸಿ, ತುಟಿ ಕಚ್ಚಿ, ಎದೆಯನ್ನು ಗಟ್ಟಿ ಮಾಡಿ ಕೂತಿದ್ದಳು. ಡಾಕ್ಟರು ವಾಸಿಯಾಯಿತು ಎಂದಿದ್ದರು. ಅವಳಿಗೇ ಗೊತ್ತಿತ್ತು, ವಾಸಿಯಾಗಿದೆ. ಊರಿಗೆಲ್ಲ ಅದನ್ನೇ ಹೇಳಿದ್ದಳು. ಈಗ ಅವಳ ಮೈಯೇ ಅವಳನ್ನು ನಂಬುತ್ತಿರಲಿಲ್ಲ. ಮಹದೇವಪ್ಪನ ಟವಲ್ಲು, ಸರಿದು ಕೂತ ಹೆಂಗಸರು, ಗಾಜಿನ ಬಾಗಿಲ ಮಾಳಿಗೆ, ಎಲ್ಲ ಒಳಗೆ ಬಂದು ಎದೆಯ ಮೇಲೆ ಕೂತಿದ್ದವು.

ಅವಳಿಗೆ ಸಿಟ್ಟು ಬಂತು. ಭವನದ ಮುಂದೆ ಬಂದದ್ದಕ್ಕಿಂತ ದೊಡ್ಡ ಸಿಟ್ಟು. ಮುಖವನ್ನು ಕೂಸಿನ ಕಡೆ ತಿರುಗಿಸಿದಳು. ಬಾಗಿದಳು. ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಬಾಗಿದಳು. ಹಿಡಿದಿದ್ದ ಉಸಿರನ್ನು ಬಿಟ್ಟಳು.

ಕೂಸಿನ ಹಣೆಯ ಮೇಲಿನ ಕೂದಲು ಅಲ್ಲಾಡಿತು.